ಮಾರ್ಗಲಿದಕ್ಕ ಬಿಟ್ಟುಬಂದ ಒಂಬತ್ತು ಓತಿಗಳು

ನಮ್ಮೂರಲ್ಲಿ ಹಂದಿ ಕಡಿಯುವ ಕಾಲ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿರಲಿಲ್ಲ, ಮಾರ್ಗಲಿದಕ್ಕನ ಕೈ ನೋಡಿದರೆ ಸಾಕಿತ್ತು. ನವೆಂಬರ್ ಕೊನೆಯಿಂದ ಜನವರಿಯವರೆಗೆ ಆ ಕೈ ಒಣಗಿದ್ದೇ ಇಲ್ಲ. ಬೆಳಗ್ಗೆ ಒಬ್ಬರ ಮನೆ, ಮಧ್ಯಾಹ್ನ ಇನ್ನೊಬ್ಬರದು. ನಿಂಬೆ, ಉಪ್ಪು, ಕಿತ್ತಳೆ ಸಿಪ್ಪೆ ಹಾಕಿದ ನೀರಲ್ಲಿ, ಮಾಂಸ ತುಂಬಿ ಸಾಸೇಜ್ ಮಾಡುವ ಕರುಳನ್ನು ಒಳಹೊರಗು ಮಾಡಿ ತೊಳೆಯುವ ಕೆಲಸ ಅವಳದು. ಮಾಂಸ ಕೊಚ್ಚಲು, ಮಸಾಲೆ ಬೆರೆಸಲು ಹತ್ತು ಜನ ಸಿಗುತ್ತಾರೆ. ಒಂದು ಕಡೆಯೂ ಹರಿಯದಂತೆ ಕರುಳು ಬಿಡಿಸುವವಳು ಅವಳೊಬ್ಬಳೇ.

ಒಂದು ವರ್ಷ ಗುಡ್ಡದ ಮೇಲಿನ ಮನೆಯವರು ನಲವತ್ತು ಜನರನ್ನು ಊಟಕ್ಕೆ ಕರೆದಿದ್ದರು. ಹಂದಿ ಸೀಳಿದ ಮೇಲೆ ಮಾರ್ಗಲಿದಕ್ಕ ತೊಡೆಯ ಮಾಂಸವನ್ನು ಬೆಳಕಿಗೆ ಹಿಡಿದು ನೋಡಿದಳು, ಚಾಕು ಕೆಳಗಿಟ್ಟಳು.

"ಇದನ್ನ ಯಾರೂ ತಿನ್ನೋ ಹಾಗಿಲ್ಲ," ಅಂದಳು.

ಮಾಂಸದ ನಡುವೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳಿದ್ದವು. ಮನೆಯ ಯಜಮಾನ ಕೆಂಪಾಗಿಬಿಟ್ಟ. "ನಿನ್ನ ಕಣ್ಣಿಗೆ ಎಲ್ಲಾ ಕಡೆ ಹುಳಾನೇ ಕಾಣ್ಸೋದು" ಎಂದು ಬೈದ. ಪಶುವೈದ್ಯರು ಬಂದು ನೋಡಿ ಹಂದಿಯನ್ನು ಸುಣ್ಣ ಹಾಕಿ ಹೂಳಿಸಿದರು. ಅವತ್ತಿನಿಂದ ಅವಳಿಗೆ 'ಹುಳದ ಮಾರ್ಗಲಿದಾ' ಎಂಬ ಹೆಸರು ಬಿತ್ತು. ನಮ್ಮ ದ್ವೀಪದಲ್ಲಿ ಅಡ್ಡಹೆಸರಿಲ್ಲದವರು ಯಾರೂ ಇಲ್ಲ, ಅವಳೂ ಬೇಸರಪಟ್ಟುಕೊಳ್ಳಲಿಲ್ಲ.

ನಾನು ಅವಳ ಪಕ್ಕದ ಮನೆಯವನು, ಜೋರ್ದಿ. ದೋಣಿ ಎಂಜಿನ್ ರಿಪೇರಿ ನನ್ನ ಕಸುಬು. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಅವಳ ಗಂಡ ಶಿಕು ಕಟ್ಟಿದ ಕಲ್ಲುಗೋಡೆ. ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟುವುದರಲ್ಲಿ ಶಿಕು ಬಹಳ ಗಟ್ಟಿಗ. ಕಲ್ಲುಗಳ ಸಂದುಗಳಲ್ಲಿ ಓತಿಗಳ ಸಂಸಾರ. ಹಸಿರು ಬೆನ್ನಿನ, ಮೈಮೇಲೆ ಕಂದು ಗೆರೆಗಳಿದ್ದ ಓತಿಗಳು ಬಿಸಿಲೇರುತ್ತಲೇ ಸಾಲಾಗಿ ಬಂದು ಕೂರುತ್ತಿದ್ದವು. ಬಾಗಿಲು ತೆಗೆದಿದ್ದರೆ ಅಡುಗೆಮನೆಗೇ ಬರುವವು. ಮಾರ್ಗಲಿದಕ್ಕ ಊಟಕ್ಕೆ ಕೂತರೆ ಬಾಲ ತುಂಡಾದ ಒಂದು ಓತಿ ಮೇಜಿನ ಕಾಲು ಹತ್ತಿ ಬಂದು ಅವಳ ತಟ್ಟೆಯಂಚಿನ ಟೊಮೆಟೊ ನೆಕ್ಕುತ್ತಿತ್ತು. ಅದಕ್ಕೆ ಅವಳು ಮೊಂಡಿ ಎಂದು ಹೆಸರಿಟ್ಟಿದ್ದಳು.

"ನೋಡೋ ಜೋರ್ದಿ," ಎಂದು ಶಿಕು ನನಗೆ ದೂರು ಹೇಳುವನು. "ಮದುವೆಯಾಗಿ ನಲ್ವತ್ತು ವರ್ಷ ಆಯ್ತು. ನಂಗೆ ಒಂದಿನ ಟೊಮೆಟೊ ಸಿಪ್ಪೆ ಸುಲಿದು ಕೊಟ್ಟಿಲ್ಲ ಇವಳು. ಆ ಮೊಂಡಿಗೆ ಸುಲಿದು ಕೊಡ್ತಾಳೆ."

"ಮೊಂಡಿ ಗೊಣಗಲ್ಲ," ಎನ್ನುವಳು ಅಕ್ಕ.

ಅವಳಿಗೆ ಓತಿಗಳ ಮೇಲಿನ ಈ ಅಕ್ಕರೆ ಚಿಕ್ಕಂದಿನದು. ಅವಳಪ್ಪ ಮೀನುಗಾರ. ನಮ್ಮ ಕಡಲದಡದಿಂದ ದೋಣಿಯಲ್ಲಿ ಅರ್ಧ ಗಂಟೆ ದೂರದಲ್ಲಿ ಒಂದು ಸಣ್ಣ ನಡುಗಡ್ಡೆಯಿದೆ. ಕಾವಿಗೆ ಕೂತ ಕೋಳಿಯ ಹಾಗೆ ಕಾಣುವುದರಿಂದ ಕೋಳಿಗಡ್ಡೆ ಎನ್ನುತ್ತೇವೆ. ಅಲ್ಲಿ ಮನುಷ್ಯರಿಲ್ಲ, ಮರವೂ ಇಲ್ಲ. ಅಪ್ಪ ಬಲೆ ಎಳೆಯುವಾಗ ಮಗಳನ್ನು ಅಲ್ಲಿ ಇಳಿಸಿ ಹೋಗುತ್ತಿದ್ದನಂತೆ. ಅಲ್ಲಿನ ಓತಿಗಳು ನಮ್ಮ ಗೋಡೆಯವುಗಳಂತಲ್ಲ, ಕಡಲಿನ ನೀಲಿ ಬಣ್ಣದವು. ಒಣ ಅಂಜೂರ ಹಿಡಿದು ಕೂತರೆ ಮಡಿಲಿಗೇ ಹತ್ತಿಬಿಡುತ್ತಿದ್ದವು. "ಒಂದ್ಸಲ ಹದಿನೇಳು ಬಂದಿದ್ವು, ಲಂಗ ಕಾಣಿಸ್ತಿರ್ಲಿಲ್ಲ," ಎಂದು ಆ ವಯಸ್ಸಿನಲ್ಲೂ ಹೇಳಿಕೊಳ್ಳುತ್ತಿದ್ದಳು.

ಆಮೇಲೆ ಹಾವುಗಳು ಬಂದವು.

ಸ್ಪೇನಿಗೆ ಸೇರಿದ ನಮ್ಮ ಇಬಿಜಾ ದ್ವೀಪದಲ್ಲಿ ಹಾವೆಂಬುದೇ ಇರಲಿಲ್ಲ. ಈ ಮಣ್ಣು ಹಾವಿಗೆ ಆಗುವುದಿಲ್ಲ ಎಂದು ಅಜ್ಜಂದಿರು ಹೇಳುತ್ತಿದ್ದರು, ನಾವೂ ನಂಬಿದ್ದೆವು. ಹೊರಗಿನ ಶ್ರೀಮಂತರು ಗುಡ್ಡದಲ್ಲಿ ದೊಡ್ಡ ಬಂಗಲೆಗಳನ್ನು ಕಟ್ಟಿಸಿದರು. ಅಂಗಳಕ್ಕೆ ಹಳೇ ಆಲಿವ್ ಮರಗಳೇ ಬೇಕೆಂದು ಸ್ಪೇನಿನ ಮುಖ್ಯ ನೆಲದಿಂದ ಬೇರುಸಮೇತ ಕಿತ್ತು ಹಡಗಿನಲ್ಲಿ ತರಿಸಿದರು. ಆ ಮರಗಳ ಪೊಟರೆಗಳಲ್ಲಿ ಹಾವು ಮಲಗಿತ್ತು, ಹಾವಿನ ಮೊಟ್ಟೆಯಿತ್ತು. ವಿಷದ ಹಾವಲ್ಲ. ಮನುಷ್ಯನಿಗೆ ಅದರಿಂದ ಏನೂ ಆಗುವುದಿಲ್ಲ. ಓತಿಗಳಿಗೆ ಮಾತ್ರ ಹಾವೆಂದರೇನು ಎಂದೇ ಗೊತ್ತಿರಲಿಲ್ಲ. ಪಕ್ಕಕ್ಕೆ ಬಂದರೂ ಓಡದೆ ಕೂತೇ ಇರುತ್ತಿದ್ದವು.

ಆರೇಳು ವರ್ಷಗಳಲ್ಲಿ ಊರು ಮೌನವಾಯಿತು. ಮೊದಲು ತೋಟದಲ್ಲಿ ನಡೆದರೆ ಒಣ ಎಲೆಗಳ ಕೆಳಗೆ ಸರಪರ ಸದ್ದಿರುತ್ತಿತ್ತು. ಅದು ಓತಿಗಳ ಸದ್ದೆಂದು ನಮಗೆ ತಿಳಿದದ್ದು ಅದು ನಿಂತ ಮೇಲೆಯೇ. ನನ್ನ ತೋಟದ ಕಡೆಯ ಗೋಡೆಯಲ್ಲಿ ಒಂದೂ ಉಳಿಯಲಿಲ್ಲ. ಮಾರ್ಗಲಿದಕ್ಕ ದಿನವಿಡೀ ಕೋಲು ಹಿಡಿದು ಕಾಯುತ್ತಿದ್ದುದರಿಂದ ಅವಳ ಅಡುಗೆಮನೆ ಮಗ್ಗುಲಲ್ಲಿ ಕೆಲವು ಉಳಿದವು.

ಸರ್ಕಾರ ಮನೆಮನೆಗೆ ಬೋನು ಕೊಟ್ಟಿತು. ಮರದ ಪೆಟ್ಟಿಗೆ, ಒಳಗೆ ಜಾಲರಿಯ ಹಿಂದೆ ಜೀವಂತ ಇಲಿ. ಇಲಿಯ ವಾಸನೆ ಹಿಡಿದು ಹಾವು ಒಳಹೊಕ್ಕರೆ ಮುಚ್ಚಳ ಬಿದ್ದುಕೊಳ್ಳುತ್ತದೆ. ಬಿದ್ದ ಹಾವುಗಳನ್ನು ಊರಾಚೆಯ ಹಳೇ ಬಾದಾಮಿ ಗೋದಾಮಿಗೆ ತಲುಪಿಸಬೇಕಿತ್ತು. ಅಲ್ಲಿ ಉಶಿಯಾ ಎಂಬ ಹುಡುಗಿ ಹಾವುಗಳನ್ನು ಕೊಯ್ದು ಒಳಗೇನಿದೆ ಎಂದು ಬರೆದಿಡುತ್ತಿದ್ದಳು. ಸ್ಪೇನಿನ ಗಲೀಷಿಯಾ ಕಡೆಯವಳು, ಹಾವುಗಳಲ್ಲಿರುವ ಹುಳಗಳನ್ನೇ ಓದಿಕೊಂಡು ಬಂದವಳು. ನಾನೂ ಅಕ್ಕನೂ ಬಕೆಟ್ಟುಗಳಲ್ಲಿ ನಮ್ಮ ನಮ್ಮ ಹಾವು ಹಿಡಿದು ಮೊದಲ ಸಲ ಅಲ್ಲಿಗೆ ಹೋದಾಗ ಅವಳು ಒಂದು ಹಾವಿನ ಜೊತೆ ಗುದ್ದಾಡುತ್ತಿದ್ದಳು. ಅಕ್ಕ ಸ್ವಲ್ಪ ಹೊತ್ತು ನೋಡಿದಳು.

"ಏನ್ ಮಗಳೇ, ಅದು ಹಾವಾ, ಹರಿದ ಕಾಲುಚೀಲಾನಾ? ಹಾಗೆ ಎಳೀತಿದೀಯಲ್ಲ."

"ಕತ್ತರಿ ಮೊಂಡಾಗಿದೆ ಅಮ್ಮ."

"ಕತ್ತರಿಗೇನೂ ಆಗಿಲ್ಲ. ನಿನ್ನ ಕೈಗೆ ಅವಸರ. ಸರಿ ಆಚೆ."

ತನ್ನ ಚೀಲದಿಂದ ಕರುಳಿನ ಚಾಕು ತೆಗೆದು, ಗಂಟಲಿಂದ ಬಾಲದವರೆಗೆ ಒಂದೇ ಸಲಕ್ಕೆ ಸೀಳಿ, ಜಠರ, ಶ್ವಾಸಕೋಶ, ಕರುಳು ಬೇರೆ ಬೇರೆ ಬಿಡಿಸಿ ತಟ್ಟೆಯಲ್ಲಿಟ್ಟಳು. ಉಶಿಯಾ ಬಾಯಿ ಬಿಟ್ಟು ನೋಡುತ್ತ ನಿಂತಳು. ಮುಂದಿನ ವಾರದಿಂದ ಮಾರ್ಗಲಿದಕ್ಕನಿಗೆ ವಾರಕ್ಕೆ ಮೂರು ದಿನ ಗೋದಾಮಿನಲ್ಲಿ ಕೆಲಸ. ಆಗ ಅವಳಿಗೆ ಅರವತ್ನಾಲ್ಕು. ಜೀವನದಲ್ಲಿ ಮೊದಲ ಬಾರಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಳು. ಶಿಕು, "ಇನ್ಮೇಲೆ ನಿನ್ನನ್ನ ಡಾಕ್ಟ್ರಮ್ಮ ಅಂತ ಕರೀಬೇಕೇನೋ" ಎಂದು ರೇಗಿಸಿದ. ಆ ಚೀಟಿಯನ್ನು ಮನೆಗೆ ಬಂದ ಮೇಲೂ ಎಷ್ಟೋ ಹೊತ್ತು ತೆಗೆಯುತ್ತಿರಲಿಲ್ಲ.

ಜಠರಗಳಲ್ಲಿ ಸಿಗುತ್ತಿದ್ದದ್ದು ಓತಿಗಳ ಕಾಲು, ಬಾಲ. ಮೊದಮೊದಲು ಅವಳು ಅವನ್ನು ತಟ್ಟೆಗೆ ಹಾಕುವಾಗ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು. ಶ್ವಾಸಕೋಶದಲ್ಲಿ ಮಾತ್ರ ಬೇರೆಯೇ ಒಂದು ಸಿಗುತ್ತಿತ್ತು. ಉಗುರಿನುದ್ದದ, ಉಂಗುರ ಉಂಗುರವಾದ ಬಿಳಿ ಹುಳ. ಶ್ವಾಸಕೋಶದ ಒಳಮೈಗೆ ಕೊಕ್ಕೆ ಹಾಕಿ ಅಂಟಿಕೊಂಡು ರಕ್ತ ಹೀರುವಂಥದು. ಐದು ಹಾವುಗಳಲ್ಲಿ ಒಂದಕ್ಕೆ ಇರುತ್ತಿತ್ತು. ಕೊಕ್ಕೆ ಮುರಿಯದಂತೆ ಬಿಡಿಸುವುದು ಉಶಿಯಾಗೆ ಸಾಧ್ಯವಾಗಿರಲಿಲ್ಲ, ಅಕ್ಕ ಬಿಡಿಸುತ್ತಿದ್ದಳು.

ಒಂದು ದಿನ ನಾನು ಹಾವು ಕೊಡಲು ಹೋದಾಗ ಉಶಿಯಾ ಸೀಸೆಯನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದಳು.

"ಈ ಹುಳ ನಮ್ಮ ದ್ವೀಪದ್ದಲ್ಲ ಮಾರ್ಗಲಿದಮ್ಮ, ಹಾವಿನ ಜೊತೆ ಬಂದದ್ದು. ಇದರ ಮೊಟ್ಟೆ ಹಾವಿನ ಹಿಕ್ಕೆಯಲ್ಲಿ ಬೀಳತ್ತೆ. ಅದನ್ನ ಜೀರುಂಡೆ ತಿನ್ನತ್ತೆ. ಜೀರುಂಡೆನ ಯಾರು ತಿಂತಾರೆ ಹೇಳಿ?"

ಅಕ್ಕ ಚಾಕು ಒರೆಸುತ್ತಲೇ ಇದ್ದಳು.

"ಒಂದು ಓತಿ ಸಿಕ್ಕಿದ್ರೆ ಕೊಯ್ದು ನೋಡಬಹುದಿತ್ತು. ನಿಮ್ಮ ಗೋಡೇಲಿ ಇನ್ನೂ ಇದಾವಂತಲ್ಲ?"

"ಇಲ್ಲ," ಎಂದಳು ಮಾರ್ಗಲಿದಕ್ಕ. "ಎಲ್ಲಾ ಹೋದ್ವು."

ಅವತ್ತು ಬೆಳಗ್ಗೆ ತಾನೇ ನಾನು ಗೋಡೆಯ ಮೇಲೆ ಒಂಬತ್ತನ್ನು ಎಣಿಸಿದ್ದೆ. ನಾನೂ ಬಾಯಿ ಬಿಡಲಿಲ್ಲ. ಪಕ್ಕದ ಮನೆಯವಳ ಮಾತನ್ನು ಹೊರಗಿನವರ ಎದುರು ಸುಳ್ಳು ಮಾಡುವುದೇ ಎನಿಸಿತು.

ಆ ಏಪ್ರಿಲ್‌ನಲ್ಲಿ ಒಂದು ಹಾವು ಅವಳ ಕಣ್ಣೆದುರೇ ಗೋಡೆಯ ಸಂದಿನಿಂದ ಓತಿಯೊಂದನ್ನು ಎಳೆದುಕೊಂಡಿತು. ಅಕ್ಕ ಕೋಲಿನಿಂದ ಹೊಡೆದು ಬಿಡಿಸಿದಳು. ಓತಿ ಬದುಕಿತು. ಅವಳು ಸೀದಾ ನನ್ನ ರಿಪೇರಿ ಶೆಡ್ಡಿಗೆ ಬಂದಳು. ನಾನು ಎಂಜಿನ್ ಬಿಚ್ಚಿಕೊಂಡು ಕೂತಿದ್ದೆ.

"ಜೋರ್ದಿ, ನಿನ್ನ ದೋಣಿ ಓಡತ್ತಾ?"

"ನನ್ನ ದೋಣಿ ಓಡ್ದೆ ಇದ್ರೆ ಊರೋರು ನಗ್ತಾರೆ. ಯಾಕಕ್ಕ?"

"ಕೋಳಿಗಡ್ಡೆಗೆ ಹೋಗ್ಬೇಕು. ಅಲ್ಲಿ ಹಾವಿಲ್ಲ."

ಓತಿಗಳನ್ನೆಲ್ಲ ಹಿಡಿಯಲು ಎರಡು ದಿನ ಬೇಕಾಯಿತು. ಚಿಕ್ಕಂದಿನಲ್ಲಿ ನಾವೆಲ್ಲ ಮಾಡುತ್ತಿದ್ದ ಹಾಗೆ, ಉದ್ದನೆಯ ಹುಲ್ಲುಕಡ್ಡಿಯ ತುದಿಗೆ ಕುಣಿಕೆ ಮಾಡಿ ಹಿಡಿದಳು. ಮೊಂಡಿಗೆ ಕುಣಿಕೆಯೂ ಬೇಕಾಗಲಿಲ್ಲ, ಕರೆದರೆ ಕೈಗೇ ಬಂತು. ಮುಚ್ಚಳಕ್ಕೆ ತೂತು ಮಾಡಿದ ಎರಡು ಮಣ್ಣಿನ ಮಡಕೆಗಳಲ್ಲಿ ಒಂಬತ್ತನ್ನೂ ಹಾಕಿಕೊಂಡು ದೋಣಿ ಹತ್ತಿದಳು.

ದಾರಿಯಲ್ಲಿ ನಾನು ಕೇಳಿದೆ: "ಉಶಿಯಾಗೆ ಹೇಳಿದೀಯಾ?"

"ಅವಳಿಗೆ ಹೇಳಿದ್ರೆ ಒಂದನ್ನ ಕೊಡಿ, ಕೊಯ್ದು ನೋಡ್ತೀನಿ ಅಂತಾಳೆ. ಇರೋದೇ ಒಂಬತ್ತು. ಯಾವುದನ್ನ ಕೊಡ್ಲಿ?"

"ಒಂದೂರಿನ ಓತಿ ಇನ್ನೊಂದು ಕಡೆ ಬಿಡೋ ಹಾಗಿಲ್ವಂತೆ, ಕಾನೂನು ಇದೆ."

"ಹಾವಿಗೆ ಕಾನೂನು ಹೇಳಿದ್ರಾ ಯಾರಾದ್ರೂ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕೋಳಿಗಡ್ಡೆಯ ಬಂಡೆಗಳ ಮೇಲೆ ಅವಳು ಮಡಕೆಗಳನ್ನು ಮೆಲ್ಲಗೆ ಓರೆ ಮಾಡಿದಳು. ನಮ್ಮ ಕಂದು ಗೆರೆಯವು ಒಂದೊಂದಾಗಿ ಹೊರಬಂದು ಬಿಸಿಲಿಗೆ ಮೈಯೊಡ್ಡಿದವು. ನೀಲಿಯವು ಸುತ್ತ ಬಂದು ನೋಡಿದವು. ಅವಳು ತಂದಿದ್ದ ಬ್ರೆಡ್ಡು, ಟೊಮೆಟೊ ನಾವಿಬ್ಬರೂ ತಿಂದೆವು, ಅವುಗಳಿಗೂ ಹಾಕಿದೆವು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ವಾಪಸು ಬರುವಾಗ ದೋಣಿಯಲ್ಲೇ ಕೂತಲ್ಲಿ ನಿದ್ದೆ ಹೋದಳು.

ಮರುವರ್ಷ ಹೋದಾಗ ಎಲ್ಲ ಚೆನ್ನಾಗಿತ್ತು. ಮೊಂಡಿಯೂ ಕಾಣಿಸಿತು. ಅದರ ಮುಂದಿನ ವರ್ಷ ದೋಣಿ ಇಳಿಯುತ್ತಲೇ ಏನೋ ಸರಿಯಿಲ್ಲ ಅನ್ನಿಸಿತು. ಓತಿಗಳು ಕಡಿಮೆ. ಇದ್ದವೂ ಓಡಿ ಬರಲಿಲ್ಲ. ಬಾಯಿ ತೆರೆದುಕೊಂಡು, ಪಕ್ಕೆ ಎಳೆಯುತ್ತ, ಬಂಡೆಗೆ ಹೊಟ್ಟೆ ಹಚ್ಚಿ ಬಿದ್ದಿದ್ದವು. ಅಕ್ಕ ಒಂದು ನೀಲಿ ಓತಿಯ ಮುಂದೆ ಅಂಜೂರ ಇಟ್ಟಳು. ಅದು ತಲೆ ಎತ್ತಲಿಲ್ಲ. ಸತ್ತದ್ದು ಒಂದು ಬಂಡೆಯ ಬುಡದಲ್ಲಿ ಸಿಕ್ಕಿತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು.

"ಬಿಸಿಲು ಜಾಸ್ತಿ ಈ ವರ್ಷ," ಎಂದೆ ನಾನು.

"ದೋಣಿ ತಿರುಗಿಸು," ಎಂದಳು.

ಕಡಲದಡದಿಂದ ಮನೆಗೆ ಹೋಗಲಿಲ್ಲ. ಸೀದಾ ಗೋದಾಮಿಗೆ ನಡೆದಳು. ನಾನು ಹಿಂದೆ ಹೋದೆ. ಉಶಿಯಾ ಮೇಜಿನ ಹತ್ತಿರ ಏನೋ ಬರೆಯುತ್ತಿದ್ದಳು. ಅಕ್ಕ ಕರವಸ್ತ್ರ ಬಿಚ್ಚಿ, ಮಾತಿಲ್ಲದೆ, ಓತಿಯನ್ನು ಅಂಗಾತ ಮಲಗಿಸಿ ಚಾಕು ತೆಗೆದಳು. ಶ್ವಾಸಕೋಶವೆಂದರೆ ಎರಡು ಬಾದಾಮಿ ಸಿಪ್ಪೆಯಷ್ಟು. ಅದನ್ನು ಚಾಕುವಿನ ತುದಿಯಿಂದ ಬಿಡಿಸಿದಳು. ಮೂರು ಬಿಳಿ ಹುಳಗಳಿದ್ದವು. ಹಾವಿನಲ್ಲಿ ಇದ್ದದ್ದಕ್ಕಿಂತ ಚಿಕ್ಕವು, ಅದೇ ಉಂಗುರಗಳು.

ಉಶಿಯಾ ಎದ್ದು ನಿಂತಳು. "ಇದು ಎಲ್ಲಿಯ ಓತಿ?"

"ಕೋಳಿಗಡ್ಡೆದು."

"ಅಲ್ಲಿ ಹಾವಿಲ್ಲವಲ್ಲ."

"ಹಾವಿಲ್ಲ. ನಾನು ಹೋಗಿದ್ದೆ." ಮಾರ್ಗಲಿದಕ್ಕ ಚಾಕುವನ್ನು ಮೇಜಿನ ಮೇಲಿಟ್ಟಳು. "ಅವತ್ತು ನೀನು ಕೇಳಿದ್ದಕ್ಕೆ ಇಲ್ಲ ಅಂದೆ. ಇದ್ವು. ಒಂಬತ್ತು ಇದ್ವು. ತಗೊಂಡು ಹೋಗಿ ಅಲ್ಲಿ ಬಿಟ್ಟೆ."

ಹುಡುಗಿ ಹುಳಗಳತ್ತ ಬಗ್ಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕುರ್ಚಿಯಲ್ಲಿ ಕೂತಳು. ಆಮೇಲೆ ಪೆನ್ನು ತೆಗೆದಳು.

"ಯಾವ ತಿಂಗಳು?"

"ಹೋದ ವರ್ಷದ ಹಿಂದಿನ ವರ್ಷ, ಏಪ್ರಿಲ್."

"ಯಾರ ಜೊತೆ?"

"ಯಾರೂ ಇಲ್ಲ. ನಾನೊಬ್ಳೇ."

ನಾನು ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ದೋಣಿ ಇಲ್ಲ, ಈಜೂ ಬರದು ಎಂದು ಊರಿಗೆಲ್ಲ ಗೊತ್ತು. ಉಶಿಯಾ ನನ್ನ ಕಡೆ ನೋಡಿದಳು. ನಾನು ಕಣ್ಣು ತಗ್ಗಿಸಿದೆ. ಅವಳು 'ಒಬ್ಬರೇ' ಎಂದು ಬರೆದುಕೊಂಡಳು.

ಆ ರಾತ್ರಿ ಊಟಕ್ಕೆ ಕೂತಾಗ ಶಿಕು ತನಗೆ ತೋಚಿದ್ದನ್ನೆಲ್ಲ ಹೇಳಿದನಂತೆ. ಹಾವುಗಳು ಕಡಲಲ್ಲಿ ಈಜುವುದನ್ನು ಮೀನುಗಾರರು ನೋಡಿದ್ದಾರೆ, ಒಂದಾದರೂ ಗಡ್ಡೆಗೆ ಹೋಗಿರಬಹುದು, ಅದೇ ಹುಳ ಒಯ್ದಿರಬಹುದು ಎಂದು. ಅಕ್ಕ ಆ ಮಾತನ್ನು ಹಿಡಿದುಕೊಂಡಳು. ಅಧಿಕಾರಿಗಳು, ಉಶಿಯಾ, ನಾಲ್ಕು ದಿನ ಕೋಳಿಗಡ್ಡೆಯನ್ನು ಜಾಲಾಡಿ ಬಂದ ಮೇಲೆ ಗೋದಾಮಿಗೆ ಹೋಗಿ ಕೇಳಿಯೇಬಿಟ್ಟಳು.

"ಹಾವು ಸಿಕ್ತಾ? ಪೊರೆ? ಹಿಕ್ಕೆ?"

ಉಶಿಯಾ ತಡವರಿಸಿದಳು. "ಗ್ಯಾರಂಟಿಯಾಗಿ ಹೇಳೋಕಾಗಲ್ಲ ಮಾರ್ಗಲಿದಮ್ಮ..."

"ಸುಳ್ಳು ಹೇಳ್ಬೇಡ ಮಗಳೇ. ನಾನೊಂದು ಹೇಳಿದ್ದೀನಿ, ಸಾಕು."

"ಸಿಗಲಿಲ್ಲ. ಓತಿಗಳ ಹಿಕ್ಕೆಯಲ್ಲೇ ಹುಳದ ಮೊಟ್ಟೆ ಇದೆ. ಕಾಯಿಲೆ ಇರೋವೆಲ್ಲ ದೋಣಿ ಇಳಿಯೋ ಕಡೆಯೇ ಇದಾವೆ. ಗಡ್ಡೆಯ ಹಿಂದಿನ ಬಂಡೆಗಳ ಕಡೆ ಹುಳ ಇನ್ನೂ ಹಬ್ಬಿಲ್ಲ."

ಸರ್ಕಾರದಿಂದ ಎಚ್ಚರಿಕೆಯ ಪತ್ರ ಬಂತು. ವಯಸ್ಸು ನೋಡಿ ಅಷ್ಟಕ್ಕೇ ಬಿಟ್ಟರು. ಹಿಂದಿನ ಬಂಡೆಗಳಿಗೆ ಹರಡುವ ಮುಂಚೆ ಈ ಕಡೆಯ ಓತಿಗಳನ್ನು ಪೂರ್ತಿ ತೆಗೆಯಬೇಕೆಂದು ತೀರ್ಮಾನವಾಯಿತು. ಹಿಡಿದು, ಔಷಧಿ ಕೊಟ್ಟು ನೋವಿಲ್ಲದೆ ಸಾಯಿಸಿ, ಗೋದಾಮಿಗೆ ತಂದರು. ಎಪ್ಪತ್ಮೂರು. ಕೊಯ್ದು ನೋಡಿ ಲೆಕ್ಕ ಬರೆಯಬೇಕಿತ್ತು.

ಉಶಿಯಾ ಅಕ್ಕನ ಮನೆಗೇ ಬಂದಳು. "ನೀವು ಈ ವಾರ ಬರೋದು ಬೇಡ, ನಾನೇ ಮಾಡ್ಕೋತೀನಿ."

"ನಿನ್ನ ಕೈಯಲ್ಲಿ ಕೊಕ್ಕೆ ಮುರಿಯತ್ತೆ," ಎಂದಳು ಅಕ್ಕ. "ನಾನು ಬರ್ತೀನಿ."

ಮೂರು ದಿನ ಕೂತು ಎಪ್ಪತ್ಮೂರನ್ನೂ ಅವಳೇ ಕೊಯ್ದಳು. ನಾನು ಮಧ್ಯಾಹ್ನ ಊಟ ಒಯ್ಯುತ್ತಿದ್ದೆ, ಹಾಗೇ ವಾಪಸು ತರುತ್ತಿದ್ದೆ. ಮೇಜಿನ ಮೇಲೆ ನೀಲಿ ಓತಿಗಳು ಸಾಲಾಗಿ. ಸತ್ತ ಮೇಲೆ ಆ ನೀಲಿ ಬೇಗ ಮಾಸಿ ಬೂದಿಯಾಗುತ್ತದೆ. ಹಾವು ಕೊಯ್ಯುವಾಗ ಅವಳು ಉಶಿಯಾ ಜೊತೆ ಊರ ಸುದ್ದಿ ಮಾತಾಡುತ್ತಿದ್ದಳು. ಈಗ "ಇದೆ", "ಇಲ್ಲ" ಎಂಬೆರಡೇ ಮಾತು. 'ಇಲ್ಲ' ಎನ್ನುವಾಗ ದನಿ ಇನ್ನೂ ಕುಗ್ಗುತ್ತಿತ್ತು. ಆರೋಗ್ಯವಾಗಿದ್ದದ್ದನ್ನೂ ಕೊಂದಂತಾಯಿತಲ್ಲ. ಮೂರನೇ ದಿನ, ನಾವು ಬಿಟ್ಟ ಒಂಬತ್ತರಲ್ಲಿ ಉಳಿದಿದ್ದ ಕಂದು ಗೆರೆಯ ಎರಡು ಬಂದವು. ಒಂದರ ಬಾಲ ಮೊಂಡು. ಉಶಿಯಾಗೆ ಅದು ಯಾವುದೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಕ್ಕ ಅದನ್ನು ಕೈಯಲ್ಲಿ ಒಂದು ಕ್ಷಣ ಹಿಡಿದಳು, ಉಳಿದವುಗಳ ಹಾಗೆಯೇ ಸೀಳಿದಳು.

"ಇದೆ," ಎಂದಳು. "ಏಳು."

ಬೇರೆ ಯಾವುದರಲ್ಲೂ ಏಳು ಹುಳ ಸಿಕ್ಕಿರಲಿಲ್ಲ.

ಆ ಚಳಿಗಾಲ ಹಂದಿ ಕಡಿಯಲು ಕರೆದವರಿಗೆಲ್ಲ ಆಗುವುದಿಲ್ಲ ಎಂದಳು. ಕೈ ನಡುಗುತ್ತದೆ ಎಂದು ನೆಪ ಹೇಳಿದಳು. ನಡುಗುತ್ತಿರಲಿಲ್ಲ. ಗೋದಾಮಿನ ಗುರುತಿನ ಚೀಟಿಯನ್ನು ಉಶಿಯಾಗೆ ವಾಪಸು ಕೊಟ್ಟಳು. ಜನರು ಅವಳನ್ನು ಏನೂ ಅನ್ನಲಿಲ್ಲ. ಅಡ್ಡಹೆಸರಿನಿಂದ ಕರೆಯುವುದನ್ನು ಮಾತ್ರ ಎಲ್ಲರೂ ನಿಲ್ಲಿಸಿದರು. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು ಎಂದು ಕಾಣುತ್ತದೆ.

ಒಂದು ಸಂಜೆ ಗೋಡೆಯ ಆಚೆಯಿಂದ ಅವರಿಬ್ಬರ ಮಾತು ನನಗೆ ಕೇಳಿಸಿತು.

"ಆ ಹುಳ ತಂದದ್ದು ಬಂಗಲೆಯೋರು. ನೀನಲ್ಲ," ಎನ್ನುತ್ತಿದ್ದ ಶಿಕು.

"ಬಂಗಲೆಯೋರಿಗೆ ಮರದೊಳಗೇನಿದೆ ಅಂತ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು ಶಿಕು. ಜೀರುಂಡೆನ ಯಾರು ತಿಂತಾರೆ ಅಂತ ಆ ಹುಡುಗಿ ಕೇಳಿದ್ಲು. ಉತ್ತರ ನಂಗೆ ಗೊತ್ತಿತ್ತು. ಕೇಳಿಸ್ಕೊಳ್ಳಲಿಲ್ಲ ಅಷ್ಟೆ."

"ಪ್ರೀತಿಯಿಂದ ಮಾಡಿದ್ದು."

"ಅದಕ್ಕೇ ಯಾರೂ ತಡೀಲಿಲ್ಲ ನನ್ನ."

ಆ ಮಾತು ನನ್ನನ್ನು ಕುರಿತು ಆಡಿದ್ದಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಗಲಿದಕ್ಕ ಆಮೇಲೆ ಮೂರು ವರ್ಷ ಬದುಕಿದ್ದಳು. ಹೃದಯದ ತೊಂದರೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಕಾಫಿ ಕಾಯಿಸಲು ಎದ್ದವಳು ಒಲೆಯ ಮುಂದೆಯೇ ಕುಸಿದಳು. ಹೂಳಲು ಇಡೀ ಊರು ಬಂದಿತ್ತು, ಗುಡ್ಡದ ಮೇಲಿನ ಮನೆಯವರೂ. ಅಷ್ಟರಲ್ಲಿ ತನ್ನೂರಿಗೆ ವಾಪಸಾಗಿದ್ದ ಉಶಿಯಾ ಗಲೀಷಿಯಾದಿಂದ ವಿಮಾನ ಹತ್ತಿ ಬಂದಳು. ಸ್ಮಶಾನದಿಂದ ಇಳಿಯುವಾಗ ನಾನು ಅವಳ ಪಕ್ಕಕ್ಕೆ ಹೋದೆ.

"ಅವತ್ತು ದೋಣಿ ನನ್ನದು," ಎಂದೆ.

"ಗೊತ್ತು ಜೋರ್ದಿಯವರೆ."

"ಮತ್ತೆ ಯಾಕೆ ಬರ್ಕೊಳ್ಳಲಿಲ್ಲ?"

"ಅವರು 'ನಾನೊಬ್ಳೇ' ಅಂದ್ರು. ಅದೊಂದನ್ನಾದ್ರೂ ಅವರು ಹೇಳಿದ ಹಾಗೆ ಬಿಡೋಣ ಅನ್ನಿಸ್ತು." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು: "ನಂದೂ ತಪ್ಪಿದೆ. ಅವರ ಗೋಡೇಲಿ ಓತಿ ಇರೋದು ನಂಗೂ ಗೊತ್ತಿತ್ತು. ಒಂದಿನ ಬಂದು ನೋಡಬಹುದಿತ್ತು. ಅವರ ಹತ್ರ ಜಗಳ ಆಡೋಕೆ ಮನಸ್ಸು ಬರ್ಲಿಲ್ಲ. ಅವರಿಲ್ದೆ ನನ್ನ ಕೆಲಸ ನಡೀತಿರ್ಲಿಲ್ಲ."

ಕೋಳಿಗಡ್ಡೆಯ ಹಿಂದಿನ ಬಂಡೆಗಳಲ್ಲಿ ಈಗಲೂ ಓತಿಗಳಿವೆ. ಕಳೆದ ಶರತ್ಕಾಲದಲ್ಲಿ ಲೆಕ್ಕ ಹಾಕಿದವರಿಗೆ ನಲವತ್ತರ ಆಸುಪಾಸು ಸಿಕ್ಕವಂತೆ. ಕೆಲವಕ್ಕೆ ಹುಳ ಇದೆ, ಇದ್ದೂ ಓಡಾಡುತ್ತಿವೆ. ಉಳಿಯುತ್ತವೆಯೋ ಇಲ್ಲವೋ ಯಾರೂ ಹೇಳಲಾರರು.

ಶಿಕುಗೆ ಈಗ ಎಂಬತ್ತು. ಬೋನಿನ ಇಲಿಗೆ ಆಲೂಗಡ್ಡೆ ಹಾಕುವುದು, ನೀರು ಬದಲಿಸುವುದು ಅವನ ಪಾಲಿಗೆ ಬಂದಿದೆ. ಇಲಿ ಕಂಡರೆ ಅವನಿಗೆ ಅಸಹ್ಯ, ಮುಖ ಆಚೆ ತಿರುಗಿಸಿಕೊಂಡೇ ಕೈ ಹಾಕುತ್ತಾನೆ. ಹೋದ ಶುಕ್ರವಾರ ಅದರಲ್ಲಿ ಒಂದು ದೊಡ್ಡ ಹಾವು ಬಿತ್ತು, ನನ್ನನ್ನು ಕರೆದ. ಇಬ್ಬರೂ ಸೇರಿ ಬಕೆಟ್ಟಿಗೆ ಹಾಕಿ ಮುಚ್ಚಿದೆವು.

"ಗೋದಾಮಲ್ಲಿ ಈಗ ಯಾರು ಕೊಯ್ತಾರೆ?" ಎಂದು ಕೇಳಿದ.

"ಯಾರೋ ಹೊಸ ಹುಡುಗಿ ಬಂದಿದಾಳಂತೆ."

"ಕೈ ಹೇಗಿದೆಯಂತೆ?"

"ಗೊತ್ತಿಲ್ಲ ಶಿಕಣ್ಣ."

ಅವನು ಬಕೆಟ್ಟಿನ ಒಂದು ಬದಿ ಹಿಡಿದ, ನಾನು ಇನ್ನೊಂದು ಬದಿ. ಹಾವು ಭಾರವಿತ್ತು, ದಾರಿಯಲ್ಲಿ ಎರಡು ಕಡೆ ಇಳಿಸಿ ಸುಧಾರಿಸಿಕೊಂಡೆವು.